ಗ್ರಂಥಪಾಲಕರ ಬರಹ: ನಕಲು ಯಾವುದು, ಸ್ವಂತ ಯಾವುದು?

ಆಗಸ್ಟ್ 12 ಬಂತೆಂದರೆ ಗ್ರಂಥಪಾಲಕರ ದಿನಾಚರಣೆ. ನವೆಂಬರ್ 14ರಿಂದ ಒಂದು ವಾರ ಗ್ರಂಥಾಲಯ ಸಪ್ತಾಹ. ಊರು ಚನ್ನಗಿರಿಯಿರಲಿ, ಜಗಳೂರಿರಲಿ, ಕಾರ್ಯಕ್ರಮದ ನಡೆ ಒಂದೇ. ಎಸ್.ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ, ಅವರ ಐದು ಸೂತ್ರಗಳ ವಿವರಣೆ, ಓದುವ ಹವ್ಯಾಸ ಕಡಿಮೆಯಾಗುತ್ತಿದೆ ಎಂಬ ವಿಷಾದ, ಕೊನೆಗೆ ವಂದನಾರ್ಪಣೆ. ಗ್ರಂಥಪಾಲಕರು ಕಾಲೇಜಿನ ವಾರ್ಷಿಕ ಸಂಚಿಕೆಗೋ ಪತ್ರಿಕೆಗೋ ಬರೆಯುವ ಲೇಖನಗಳೂ ಬಹುಮಟ್ಟಿಗೆ ಇದೇ ಅಚ್ಚಿನವು. ವರದಿ ಮಾಡುವ ನಾವೇನೂ ಕಡಿಮೆಯಲ್ಲ. ಹೋದ ವರ್ಷದ ವರದಿಯನ್ನೇ ತೆಗೆದು, ದಿನಾಂಕವನ್ನೂ ಅತಿಥಿಗಳ ಹೆಸರನ್ನೂ ಬದಲಿಸಿ ಕಳಿಸಿದ್ದುಂಟು ಎಂದು ಈ ಲೇಖಕ ಒಪ್ಪಿಕೊಳ್ಳಲೇಬೇಕು.

ಹಾಗಾದರೆ ಗ್ರಂಥಾಲಯದವರು ಹೊಸದಾಗಿ ಏನನ್ನೂ ಹೇಳುವುದಿಲ್ಲವೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಆ ವೃತ್ತಿಯ ಸ್ವಭಾವವನ್ನು ಸ್ವಲ್ಪ ನೋಡಬೇಕು. ಬೇರೆಯವರ ಬರಹವನ್ನು ನಕಲು ಮಾಡಿ ಉಳಿಸುವುದೇ ಗ್ರಂಥಾಲಯದ ಮೂಲ ಕೆಲಸ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಪ್ರತಿಗಳನ್ನು ಬರೆದ ಲಿಪಿಕಾರರು ತಮ್ಮದೆಂದು ಒಂದು ಮಾತನ್ನೂ ಸೇರಿಸಬೇಕಾಗಿರಲಿಲ್ಲ. ಸೇರಿಸಿದ್ದರೆ ಅದೇ ತಪ್ಪು.

ಇನ್ನೊಂದು ಉದಾಹರಣೆ ಹೆಚ್ಚು ಸ್ವಾರಸ್ಯಕರವಾದುದು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಗ್ರಂಥಪಾಲಕರಾಗಿದ್ದರು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ, ಗ್ರಂಥ ಲಿಪಿಯ ತಾಳೆಗರಿ ಕಟ್ಟೊಂದು ಅವರ ಕೈಗೆ ಬಂತು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಅದುವರೆಗೆ ಆ ಕೃತಿಯನ್ನು ಬೇರೆ ಗ್ರಂಥಗಳಲ್ಲಿ ಬರುವ ಉಲ್ಲೇಖಗಳಿಂದ ಮಾತ್ರ ವಿದ್ವಾಂಸರು ಬಲ್ಲವರಾಗಿದ್ದರು. ಶಾಸ್ತ್ರಿಗಳು 1909ರಲ್ಲಿ ಮೂಲಪಾಠವನ್ನು ಪ್ರಕಟಿಸಿದರು. 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಬಂತು. ತಲೆಮಾರುಗಳಿಂದ ಯಾರೋ ಯಾಂತ್ರಿಕವಾಗಿ ನಕಲು ಮಾಡುತ್ತ ಬಂದಿರದಿದ್ದರೆ ಆ ಕಟ್ಟೇ ಇರುತ್ತಿರಲಿಲ್ಲ. ಕಟ್ಟನ್ನು ಬಿಚ್ಚಿ, ಓದಿ, ಇದು ಇಂಥದ್ದು ಎಂದು ಗುರುತಿಸುವ ಗ್ರಂಥಪಾಲಕ ಇಲ್ಲದಿದ್ದರೆ ಕಟ್ಟಿದ್ದೂ ಪ್ರಯೋಜನವಿರಲಿಲ್ಲ.

ಎಲ್ಲರೂ ಮತ್ತೆ ಮತ್ತೆ ಹೇಳುವ ಆ ಐದು ಸೂತ್ರಗಳ ಕಥೆಯೂ ಇದಕ್ಕೆ ಹೊರತಲ್ಲ. ಗಣಿತದ ಅಧ್ಯಾಪಕರಾಗಿದ್ದ ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, ತರಬೇತಿಗೆಂದು ಲಂಡನ್ನಿಗೆ ಹೋದರು. ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟಿಕೆಯನ್ನು ನೋಡಿದರು. ಅವೇ ಪಟ್ಟಿಗಳು, ಅವೇ ನಟ್ಟು ಬೋಲ್ಟುಗಳು; ಆದರೆ ಜೋಡಿಸುವ ಬಗೆ ಬದಲಾದಂತೆ ಬೇರೆ ಬೇರೆ ಯಂತ್ರ. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣದ ಮೂಲ ಕಲ್ಪನೆ ಇಲ್ಲಿಂದ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ಇನ್ನು, ಪುಸ್ತಕವಿರುವುದು ಬೀರುವಿನಲ್ಲಿ ಬೀಗ ಹಾಕಿಡಲಿಕ್ಕಲ್ಲ, ಬಳಕೆಗೆ ಎಂಬ ಮೊದಲನೆಯ ಸೂತ್ರ. 1928ರಲ್ಲಿ ತಮ್ಮ ಯೋಚನೆಗಳಿಗೆ ಒಂದು ಸೂತ್ರರೂಪ ಸಿಗದೆ ಒದ್ದಾಡುತ್ತಿದ್ದಾಗ ಆ ಮಾತನ್ನು ಬಾಯಿಗೆ ತಂದುಕೊಟ್ಟವರು ಅವರ ಗಣಿತದ ಗುರು, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಎಡ್ವರ್ಡ್ ರಾಸ್. ಉಳಿದ ನಾಲ್ಕು ಸೂತ್ರಗಳು ಅದರ ಹಿಂದೆಯೇ ಬಂದವು, 1931ರಲ್ಲಿ ಪುಸ್ತಕವಾಯಿತು. ಗುರುವಿಗೆ ಸಲ್ಲಬೇಕಾದುದನ್ನು ರಂಗನಾಥನ್ ಮುಚ್ಚಿಡಲಿಲ್ಲ. ಆದರೆ ಆ ಸೂತ್ರವನ್ನು ವೇದಿಕೆಯ ಮೇಲೆ ಹೇಳುವ ಎಷ್ಟು ಮಂದಿ ರಾಸ್ ಅವರ ಹೆಸರೆತ್ತುತ್ತಾರೆ?

1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ರಂಗನಾಥನ್, 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅವರ ಸೂತ್ರಗಳನ್ನು ಅಮೆರಿಕದ ಮೈಕೇಲ್ ಗೋರ್ಮನ್ 1995ರಲ್ಲಿ ತಮ್ಮ ಕಾಲಕ್ಕೆ ತಕ್ಕಂತೆ ಹೊಸದಾಗಿ ಬರೆದರು. ಯಾರ ದಾರಿಯಲ್ಲಿ ನಡೆಯುತ್ತಿದ್ದೇನೆಂದು ಹೇಳಿಯೇ ಬರೆದರು. ಇದು ನಕಲಲ್ಲ.

ನಮ್ಮ ಜಿಲ್ಲೆಯ ವಿಷಯಕ್ಕೆ ಬರೋಣ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಥವಾ ಶಾಂತಿಸಾಗರದ ಬಗ್ಗೆ ಬರುವ ಲೇಖನಗಳನ್ನು ಓದುಗರು ಗಮನಿಸಿರಬಹುದು. ರಾಜಕುಮಾರಿ ಶಾಂತವ್ವನ ಕಥೆ ಇದ್ದೇ ಇರುತ್ತದೆ. ಜೊತೆಗೆ ಇದು ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂಬ ಮಾತು. ಎರಡನೆಯದಾದರೆ ಮೊದಲನೆಯದು ಯಾವುದು? ನೀರು ನಿಲ್ಲುವ ವಿಸ್ತಾರದಲ್ಲೋ, ನೀರಿನ ಪ್ರಮಾಣದಲ್ಲೋ? ಅಳೆದವರು ಯಾರು, ಯಾವಾಗ? ಇಂಥ ಲೇಖನಗಳಲ್ಲಿ ಇದಕ್ಕೆ ಉತ್ತರ ಸಿಗುವುದು ಅಪರೂಪ. ಒಂದು ಲೇಖನದಿಂದ ಇನ್ನೊಂದಕ್ಕೆ, ಅಲ್ಲಿಂದ ಮಕ್ಕಳ ಪ್ರಬಂಧಕ್ಕೆ, ಪ್ರಬಂಧದಿಂದ ಮತ್ತೆ ಪತ್ರಿಕೆಗೆ ಆ ಮಾತು ಓಡಾಡುತ್ತಿದೆ. ಓಲೆಗರಿಯಲ್ಲಿ ಒಬ್ಬ ಲಿಪಿಕಾರ ಮಾಡಿದ ತಪ್ಪು ಮುಂದಿನ ಪ್ರತಿಗಳಿಗೆಲ್ಲ ಹರಿದುಬರುತ್ತಿದ್ದುದು ಹೀಗೆಯೇ. ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದರ ಮೂಲ ಎಲ್ಲಿದೆಯೆಂದು ಹುಡುಕುವ ಕೆಲಸ ಯಾರದು ಎಂಬುದಷ್ಟೇ ಪ್ರಶ್ನೆ. ಗ್ರಂಥಪಾಲಕರದಲ್ಲವೆ?

ಇದಕ್ಕಿಂತ ಗಂಭೀರವಾದುದು ಹುಡುಕುವವರ ಕಷ್ಟ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಆ ಸಂಪುಟಗಳೂ ನಕಲೇ, ಕಲ್ಲಿನ ಮೇಲಿದ್ದುದರ ನಕಲು. ನಮ್ಮ ಪ್ರಾಂತ್ಯದ ಚರಿತ್ರೆಗೆ ಅದೇ ಆಧಾರ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳು ಶಿವಮೊಗ್ಗ ಜಿಲ್ಲೆಯದೆಂದು 1902ರ ಏಳನೆಯ ಸಂಪುಟದಲ್ಲಿವೆ. ಜಗಳೂರಿನವು ಚಿತ್ರದುರ್ಗ ಜಿಲ್ಲೆಯದೆಂದು ಹನ್ನೊಂದನೆಯದರಲ್ಲಿವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕುಗಳು ಒಂದೇ ಆಡಳಿತಕ್ಕೆ ಬಂದವು, ಪುಸ್ತಕಗಳು ಬರಲಿಲ್ಲ. 2018ರಲ್ಲಿ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಬೆಳಗುತ್ತಿಯ ಸಿಂದರ ವಿಚಾರ ತಿಳಿಯಬೇಕೆಂದಿರುವ ನ್ಯಾಮತಿಯ ವಿದ್ಯಾರ್ಥಿ ಇಂದೂ ತನ್ನ ಊರಿನ ಚರಿತ್ರೆಯನ್ನು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು ಎಂಬ ತಲೆಬರಹದ ಕೆಳಗೆ ಹುಡುಕಬೇಕು. ಹಾಗೆ ಹುಡುಕಬೇಕೆಂದು ಅವನಿಗೆ ಹೇಳುವವರು ಬೇಕಲ್ಲ!

ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಅಂಕೆ 894.814. ಆ ಪದ್ಧತಿಯನ್ನು ಅನುಸರಿಸುವ ಗ್ರಂಥಾಲಯ ಹೊನ್ನಾಳಿಯಲ್ಲಿದ್ದರೂ ಲಂಡನ್ನಿನಲ್ಲಿದ್ದರೂ ಅಂಕೆ ಅದೇ. ಇಲ್ಲಿ ಸ್ವಂತಿಕೆ ತೋರಿಸಹೋದರೆ ಓದುಗ ದಾರಿ ತಪ್ಪುತ್ತಾನೆ. ಆದರೆ ಬೆಳಗುತ್ತಿಯ ಶಾಸನ ಯಾವ ಸಂಪುಟದಲ್ಲಿದೆ, ಸೂಳೆಕೆರೆಯ ಅಳತೆ ಯಾವ ಇಲಾಖೆಯ ಯಾವ ವರ್ಷದ ವರದಿಯಲ್ಲಿದೆ, ಜಗಳೂರಿನ ಬರಗಾಲಗಳನ್ನು ಯಾವ ಗೆಜೆಟಿಯರ್ ದಾಖಲಿಸಿದೆ ಎಂಬುದನ್ನು ಅಮೆರಿಕದವರು ಅಂಕೆ ಹಾಕಿ ಕಳಿಸುವುದಿಲ್ಲ. ಅದನ್ನು ಇಲ್ಲಿಯವರೇ ಬರೆಯಬೇಕು.

ಬರೆಯಲು ಜನರಿಲ್ಲವೆಂದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ರಾಜ್ಯದಲ್ಲಿ ಗ್ರಂಥಾಲಯಗಳ ಜಾಲ ಬೆಳೆಯಿತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಅನಂತರ ಅರಿವು ಕೇಂದ್ರಗಳೆನಿಸಿದವು. ರಾಜ್ಯದಲ್ಲಿ ಅವು ಐದು ಸಾವಿರಕ್ಕೂ ಹೆಚ್ಚಿವೆ. ಅಲ್ಲಿ ಕೂತಿರುವವರಿಗೆ ಆ ಊರಿನ ಕಲ್ಲು, ಕೆರೆ, ಮನೆತನ ಯಾವುದೂ ಹೊಸದಲ್ಲ. ಅವರಿಂದ ವರ್ಷಕ್ಕೊಮ್ಮೆ ರಂಗನಾಥನ್ ಜೀವನಚರಿತ್ರೆಯನ್ನೇ ಕೇಳಿ ಕೂರುವುದು ನಮ್ಮ ತಪ್ಪೂ ಹೌದು. ಸಂಪಾದಕರೂ ಸಭೆ ಕರೆಯುವವರೂ ಬೇರೆ ಕೇಳಿದರೆ ತಾನೆ ಬೇರೆ ಬರೆದಾರು?

ದೊಡ್ಡ ಸಂಶೋಧನೆಯೇ ಆಗಬೇಕಿಲ್ಲ. ಹಿಂದೆ ಸೂಚಿ ಕಾರ್ಡುಗಳಲ್ಲಿ ಬೇರೆ ತಲೆಬರಹವನ್ನು ನೋಡುವಂತೆ ಸೂಚಿಸುವ ಕಾರ್ಡು ಒಂದಿರುತ್ತಿತ್ತು. ಅಂಥ ಒಂದು ಕಾರ್ಡು ಸಾಕು: ನ್ಯಾಮತಿ ತಾಲ್ಲೂಕು, 2018ಕ್ಕೆ ಮೊದಲಿನ ವಿವರಗಳಿಗೆ ಹೊನ್ನಾಳಿ ನೋಡಿ, 1997ಕ್ಕೆ ಮೊದಲಿನವಕ್ಕೆ ಶಿವಮೊಗ್ಗ ಜಿಲ್ಲೆ ನೋಡಿ, ಬೆಳಗುತ್ತಿಯ ಶಾಸನಗಳಿಗೆ ರೈಸ್, ಸಂಪುಟ ಏಳು.