ಆಂಟಿಬಯಾಟಿಕ್ ಪಡೆಯುವ ಒಳರೋಗಿಗಳಿಗೆ ಪ್ರೋಬಯಾಟಿಕ್: ಸಾರ್ವಜನಿಕ ಮಾಹಿತಿ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಒಳರೋಗಿಗಳು ಮತ್ತು ಅವರ ಕುಟುಂಬದವರ ಗಮನಕ್ಕೆ.

ಆಂಟಿಬಯಾಟಿಕ್ ಔಷಧಿಯು ಕರುಳಿನ ಉಪಯುಕ್ತ ಸೂಕ್ಷ್ಮಾಣುಗಳನ್ನೂ ನಾಶಪಡಿಸುವುದರಿಂದ ಸಿ. ಡಿಫಿಸೈಲ್ ಎಂಬ ರೋಗಾಣು ವೃದ್ಧಿಸಿ ತೀವ್ರ ಅತಿಸಾರ ಉಂಟಾಗಬಹುದು. 2017ರ ಕಾಕ್ರೇನ್ ಪರಾಮರ್ಶೆಯ 31 ಅಧ್ಯಯನಗಳಲ್ಲಿ ಈ ಅತಿಸಾರವು ಪ್ರೋಬಯಾಟಿಕ್ ಪಡೆದವರಲ್ಲಿ ಶೇ. 1.5, ಪಡೆಯದವರಲ್ಲಿ ಶೇ. 4ರಷ್ಟು ಕಂಡುಬಂದಿದೆ.

ಆದಾಗ್ಯೂ ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ ಇದು ಅಪಾಯಕಾರಿಯಾಗಬಹುದಾದ್ದರಿಂದ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಮನೆಯ ಮೊಸರು ಉತ್ತಮ ಆಹಾರವಾದರೂ ಇದಕ್ಕೆ ಬದಲಿಯಲ್ಲ.

ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ನೀರಿನಂತೆ ಭೇದಿಯಾದಲ್ಲಿ ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು. ಮನೆಗೆ ಮರಳಿದ ನಂತರ ಭೇದಿಯಾದಲ್ಲಿ ಬಿಡುಗಡೆ ಚೀಟಿಯೊಂದಿಗೆ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು. ಆಂಟಿಬಯಾಟಿಕ್ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ಭೇದಿ ನಿಲ್ಲಿಸುವ ಮಾತ್ರೆಯನ್ನು ತಾವಾಗಿಯೇ ಸೇವಿಸಬಾರದು. ಆರೈಕೆ ಮಾಡುವವರು ಸಾಬೂನು ಮತ್ತು ನೀರಿನಿಂದ ಕೈ ತೊಳೆಯತಕ್ಕದ್ದು. ಈ ರೋಗಾಣುವಿಗೆ ಸ್ಯಾನಿಟೈಸರ್ ಸಾಲದು.