ಮರಳು, ಹಲಗೆ, ಕಡತ

‘ತಿದ್ದು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಗುರುಗಳು ಬರೆದುಕೊಟ್ಟ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಬೆರಳಾಡಿಸಿ ಅದನ್ನು ಕೈಗೆ ರೂಢಿಮಾಡಿಕೊಳ್ಳುವುದು ಒಂದು. ತಪ್ಪಿದುದನ್ನು ಸರಿಪಡಿಸುವುದು ಇನ್ನೊಂದು. ಈ ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ಬಂದು ಸೇರಿದುದು ಆಕಸ್ಮಿಕವಲ್ಲವೆಂದೇ ನನ್ನ ಎಣಿಕೆ. ನಮ್ಮ ಹಳೆಯ ಮಠಗಳಲ್ಲಿ ಹುಡುಗನ ಮುಂದಿದ್ದ ಸಾಧನಗಳೆಲ್ಲವೂ ಬರೆಯಲು ಎಷ್ಟು ಅನುಕೂಲವೋ ಅಳಿಸಲೂ ಅಷ್ಟೇ ಅನುಕೂಲವಾಗಿದ್ದವು. ಶಾಲೆಯ ಕೋಣೆಗೆ ಯಂತ್ರ ಬಂದಿತು, ಇನ್ನು ಕಲಿಕೆಯ ಸ್ವರೂಪವೇ ಬದಲಾಯಿತು ಎಂದು ಹರ್ಷಪಡುವವರನ್ನೂ ಹಳಹಳಿಸುವವರನ್ನೂ ಕಂಡಾಗ ನನಗೆ ನೆನಪಾಗುವುದು ಇನ್ನೂರು ವರ್ಷ ಹಿಂದಿನ ಬಳ್ಳಾರಿಯ ಒಂದು ವರದಿ. ಶಾಲೆಗೆ ಸಾಧನಗಳು ಬಂದು ಹೋಗುವುದು ಹೊಸ ಸಂಗತಿಯಲ್ಲ. ಬಂದ ಸಾಧನ ಮಗುವಿನ ಕೈಗೆ ಏನು ಕೆಲಸ ಕೊಟ್ಟಿತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಲ್ಲ.

1822ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ತನ್ನ ಆಡಳಿತದ ಎಲ್ಲ ಜಿಲ್ಲೆಗಳಿಂದಲೂ ನಾಡಶಾಲೆಗಳ ಲೆಕ್ಕ ತರಿಸಿದ. ಕಲೆಕ್ಟರುಗಳಲ್ಲಿ ಅನೇಕರು ಅಂಕಿಗಳನ್ನು ತುಂಬಿ ಕೈತೊಳೆದುಕೊಂಡರು. ಬಳ್ಳಾರಿಯ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟಿನಲ್ಲಿ ಸವಿಸ್ತಾರವಾದ ವರದಿ ಬರೆದ. ಅವನ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಅಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು. ಇಂಗ್ಲಿಷಿನದು ಒಂದೇ ಒಂದು.

ವರದಿಯಲ್ಲಿ ನನಗೆ ಪ್ರಿಯವಾದ ಭಾಗ ಬರೆಯುವ ಸಾಮಗ್ರಿಯದು. ಐದನೆಯ ವರ್ಷದಲ್ಲಿ ಗಣೇಶನ ಪೂಜೆ ಮಾಡಿಸಿ ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಯಿಸುವುದು; ಆಮೇಲೆ ಮರಳು. ಮರಳಿನಲ್ಲಿ ಕೈ ಕುದುರಿದ ಮೇಲೆ ಹಲಗೆ, ಇಲ್ಲವೆ ಕಡತ. ಹಲಗೆ ಸುಮಾರು ಒಂದಡಿ ಅಗಲ, ಮೂರಡಿ ಉದ್ದ. ಅದನ್ನು ನುಣುಪಾಗಿ ಹೆರೆದು, ಸ್ವಲ್ಪ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಸಿದ್ಧ. ಕಡತವೆಂದರೆ ಗಂಜಿ ಹಾಕಿ ಗಡುಸು ಮಾಡಿದ ಬಟ್ಟೆ. ಅದನ್ನು ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಿಸಿ ಇದ್ದಿಲು, ಅಂಟುಗಳ ಲೇಪ ಕೊಡುತ್ತಿದ್ದರು. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ಹೊಯ್ಸಳರ ಶಿಲ್ಪಿಗಳು ಬೇಲೂರು ಹಳೇಬೀಡುಗಳಲ್ಲಿ ಕೆತ್ತಿದ್ದು ಬಳಪದ ಕಲ್ಲನ್ನೇ ಎಂಬುದನ್ನು ಇಲ್ಲಿ ನೆನೆಯಬಹುದು. ಕಡತಕ್ಕೆ ಬಂದ ಗತಿಯಂತೂ ವಿಚಿತ್ರ. ವರ್ತಕರ ಲೆಕ್ಕಕ್ಕೂ ಮಠಗಳ ದಾಖಲೆಗೂ ಮಕ್ಕಳ ಮಗ್ಗಿಗೂ ಒದಗಿದ ಆ ಹೆಸರು ಇಂದು ಸರ್ಕಾರಿ ಕಚೇರಿಯ ಮೇಜಿನ ಮೇಲೆ ‘ವಿಲೇವಾರಿ’ಗಾಗಿ ಕಾದು ಕುಳಿತಿದೆ!

ಇವೆಲ್ಲವೂ ಊರಿನಲ್ಲೇ ಸಿಗುವಂಥವು. ಬಡಗಿ, ಒಲೆ, ಅಡಿಗೆಯ ಮನೆ ಇಷ್ಟಿದ್ದರೆ ಶಾಲೆಯ ಸಲಕರಣೆಯೆಲ್ಲ ಕೂಡಿಬರುತ್ತಿತ್ತು. ಈ ಮಿತವ್ಯಯವನ್ನೂ, ಮುಂದಿನ ಹುಡುಗರು ಹಿಂದಿನವರಿಗೆ ಹೇಳಿಕೊಡುವ ಪದ್ಧತಿಯನ್ನೂ ಕ್ಯಾಂಪ್‌ಬೆಲ್ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದುದು ಯೋಗ್ಯವೇ ಆಯಿತೆಂದ.

ಆ ಅನುಕರಣೆಯ ಕಥೆ ಹೀಗೆ. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಸಿಪಾಯಿಗಳ ಅನಾಥ ಮಕ್ಕಳ ಶಾಲೆಗೆ ಆಂಡ್ರೂ ಬೆಲ್ ಎಂಬ ಪಾದ್ರಿ ಮೇಲ್ವಿಚಾರಕನಾಗಿ ಬಂದ. ಒಂದು ಬೆಳಿಗ್ಗೆ ಸವಾರಿ ಹೋಗಿದ್ದಾಗ, ಒಂದು ನಾಡಶಾಲೆಯ ಮಕ್ಕಳು ಮರಳಿನಲ್ಲಿ ಬೆರಳಿಂದ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನೇ ತಂದ. ಅಲ್ಲಿದ್ದ ಉಪಾಧ್ಯಾಯರಿಗೆ ಇದು ಹಿಡಿಸಲಿಲ್ಲ. ಬೆಲ್ ಎಂಟು ವರ್ಷದ ಹುಡುಗನೊಬ್ಬನನ್ನೇ ಚಿಕ್ಕವರಿಗೆ ಅಕ್ಷರ ಕಲಿಸಲು ಕೂರಿಸಿದ! 1797ರಲ್ಲಿ ಲಂಡನ್ನಿನಲ್ಲಿ ಅವನ ಪುಸ್ತಕ ಪ್ರಕಟವಾಯಿತು. ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅಲ್ಲಿನ ಬಡಮಕ್ಕಳ ಶಾಲೆಗಳಲ್ಲೆಲ್ಲ ಹಬ್ಬಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನಲ್ಲಿ ‘ಮದರಾಸು ಕಾಲೇಜು’ ಎಂಬ ಶಾಲೆ ಇಂದಿಗೂ ಇದೆ. ಬೆಲ್ ಸತ್ತಾಗ ಅವನಿಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯಾಯಿತು. ಅವನಿಗೆ ಮರಳು ತೋರಿಸಿದ ಐಗಳು ಯಾರೋ, ಹೆಸರಿಲ್ಲ.

ಇಷ್ಟು ಹೇಳಿದುದರಿಂದ ಆ ಮಠಗಳು ಸ್ವರ್ಗವಾಗಿದ್ದವೆಂದು ವಾಚಕರು ತಿಳಿಯಬಾರದು. ಬೆಳಿಗ್ಗೆ ಆರಕ್ಕೆ ಮಠ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತ ಹೋಗುವುದು. ಕೊನೆಗೆ ಬಂದವನ ಪಾಡನ್ನು ಊಹಿಸಿಕೊಳ್ಳಬಹುದು. ಕಂಠಪಾಠ ಮಾಡಿದ ಪದ್ಯಗಳ ಅರ್ಥ ಹುಡುಗರಿಗಿರಲಿ, ಅನೇಕ ವೇಳೆ ಐಗಳಿಗೇ ತಿಳಿಯುತ್ತಿರಲಿಲ್ಲ. ಆ 6,641 ಮಂದಿಯಲ್ಲಿ ಹುಡುಗಿಯರು 60. ಎಷ್ಟು ಅಗ್ಗದ ಮರಳಾದರೂ ಅದರ ಮುಂದೆ ಕೂರುವ ಹಕ್ಕು ಎಲ್ಲರಿಗೂ ಇರಲಿಲ್ಲವಷ್ಟೆ. ಇದ್ದವರೂ ಉಳಿಯಲಿಲ್ಲ. ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ, ಇದಕ್ಕೆ ಕಾರಣ ನಾಡಿಗೆ ಬಂದ ಬಡತನ ಎಂದು ಕಂಪನಿಯ ಆ ನೌಕರನೇ ಕಂಪನಿಗೆ ಬರೆದ. ಐಗಳ ಸಂಪಾದನೆ ತಿಂಗಳಿಗೆ ಆರೇಳು ರೂಪಾಯಿ ಮೀರುತ್ತಿರಲಿಲ್ಲವೆಂದು ಮನ್ರೋ 1826ರಲ್ಲಿ ಹೇಳಿದ. ಸಲಕರಣೆ ಬಿಡಿಗಾಸಿನದಾಗಿದ್ದರೂ ಕಲಿಸುವವನ ಹೊಟ್ಟೆಗೆ ಹಿಟ್ಟಿಲ್ಲದೆ ಮಠ ಮುಚ್ಚಿತು.

ಆಮೇಲೆ ಬಂದದ್ದು ಅಚ್ಚು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ಆರಂಭವಾಯಿತು. ಶತಮಾನ ಕಳೆಯುವುದರೊಳಗೆ ಅಚ್ಚಿನ ಪಾಠದ ಪುಸ್ತಕ, ಕಲ್ಲಿನ ಸ್ಲೇಟು, ಗೋಡೆಯ ಕರಿಹಲಗೆ ಎಲ್ಲೆಡೆಯೂ ಬಂದವು. ಅಚ್ಚಿನ ಉಪಕಾರವನ್ನು ಕನ್ನಡದ ಅಧ್ಯಾಪಕನಾದ ನಾನು ಮರೆಯಲಾರೆ. ಆದರೆ ಅದು ತೆಗೆದುಕೊಂಡು ಹೋದ ಒಂದು ವಸ್ತುವನ್ನು ಹೇಳಲೇಬೇಕು. ಬಳ್ಳಾರಿಯ ಐಗಳು ಅಲ್ಲಿಂದ ಇಲ್ಲಿಂದ ಬೇರೆಬೇರೆಯವರ ಕಾಗದಪತ್ರಗಳನ್ನು ಸಂಗ್ರಹಿಸಿ ಹುಡುಗರಿಗೆ ಓದಲು ಕೊಡುತ್ತಿದ್ದರು; ನಾನಾ ಕೈಬರಹಗಳನ್ನು ಓದಬಲ್ಲವನೇ ಓದು ಬಲ್ಲವನು. ಅಚ್ಚಿನ ಅಕ್ಷರ ಎಲ್ಲರಿಗೂ ಒಂದೇ. ಶಾನುಭೋಗರ ಮೋಡಿ ಅಕ್ಷರವನ್ನು ಮೊಮ್ಮಕ್ಕಳು ಓದಲಾರದೆ ಹೋದರು. ಎಷ್ಟೋ ಮನೆಗಳ ಅಟ್ಟದ ಮೇಲೆ ಭೂಮಿಯ ಲೆಕ್ಕ, ಸಾಲದ ಪತ್ರ ಓದುವವರಿಲ್ಲದೆ ಗೆದ್ದಲು ಹಿಡಿದದ್ದು ಹೀಗೆಯೇ.

ಅಚ್ಚು ಕೈಯ ಕೆಲಸವನ್ನು ಕಡಿಮೆ ಮಾಡಿತು. ದೂರದರ್ಶನ ಅದನ್ನು ಮಡಿಲಲ್ಲಿಟ್ಟು ಕೂರಿಸಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠಗಳು ಬಂದವು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗಾಗಿ ಇಪ್ಪತ್ತು ನಿಮಿಷ ಚಿಲ್ಲರೆ ಕಾರ್ಯಕ್ರಮ. ಅದೊಂದು ಅದ್ಭುತ ಸಾಹಸವೇ, ಸಂದೇಹವಿಲ್ಲ. ಆದರೆ 1976ರ ಜುಲೈ 31ಕ್ಕೆ ಎರವಲಿನ ಅವಧಿ ಮುಗಿಯಿತು, ಉಪಗ್ರಹ ಹಿಂದಿರುಗಿತು. 2004ರಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಹಾರಿತು.

2020ರಲ್ಲಿ ಮಹಾಮಾರಿಯಿಂದ ಶಾಲೆಗಳಿಗೆ ಬೀಗ ಬಿದ್ದಾಗ ಪಾಠ ಮೊಬೈಲಿಗೆ ಬಂತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳೂ ಬಂದವು. ಮನೆಗೊಂದೇ ಫೋನು, ಅದೂ ದುಡಿಯಲು ಹೋದ ಅಪ್ಪನ ಜೇಬಿನಲ್ಲಿ ಎನ್ನುವ ಮಕ್ಕಳಿಗೆ ಕ್ಯಾಂಪ್‌ಬೆಲ್ಲನ ಕಾಲ ಮರಳಿ ಬಂದಂತಾಯಿತು. ಆ ವರ್ಷ ‘ವಿದ್ಯಾಗಮ’ವೆಂದು ಉಪಾಧ್ಯಾಯರು ಊರೂರಿಗೆ ಹೋಗಿ ಗುಡಿಯ ಜಗಲಿಯಲ್ಲಿ, ಮರದಡಿಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಹೇಳಿಕೊಟ್ಟರು, ಸೋಂಕಿನ ಭಯದಿಂದ ಅದೂ ಅಕ್ಟೋಬರಿನಲ್ಲಿ ನಿಂತಿತು. ತೆರೆಯ ಮುಂದೆ ಕಳೆದ ಆ ದಿನಗಳಲ್ಲಿ ಮಗು ಬರೆದುದನ್ನು ತಿದ್ದುವ ಕೈ ಮಾತ್ರ ಬಹುಮಟ್ಟಿಗೆ ಇರಲಿಲ್ಲ.

ಈಗ ನನ್ನ ತರಗತಿಯಲ್ಲಿ ನಾನು ಕರಿಹಲಗೆಯ ಮೇಲೆ ಛಂದಸ್ಸಿನ ಗಣವಿಭಾಗ ಮಾಡಿ ತಿರುಗುವುದರೊಳಗೆ ಹತ್ತಾರು ಫೋನುಗಳು ಮೇಲೆದ್ದಿರುತ್ತವೆ. ಹಲಗೆ ಅವರ ಜೇಬು ಸೇರಿತು, ಕೈ ಸುಮ್ಮನಿದೆ. ಗುರುಲಘು ಹಾಕಿರೆಂದರೆ ಅರ್ಧ ಜನ ತಡವರಿಸುತ್ತಾರೆ. ನಾನು ಫೋನನ್ನು ನಿಷೇಧಿಸಿಲ್ಲ. ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ತನ್ನ ಅಜ್ಜಿಯ ಮನೆಯ ಅಟ್ಟದಿಂದ ಹಳೆಯ ಕಡತವೊಂದನ್ನು ತಂದಳು. ಇಡೀ ತರಗತಿಯಲ್ಲಿ ಯಾರಿಂದಲೂ ಮೊದಲ ಸಾಲು ದಾಟಲಾಗಲಿಲ್ಲ. ಆ ಹುಡುಗಿ ಅದರ ಚಿತ್ರ ತೆಗೆದಳು, ಬೆರಳಿಂದ ಗಾಜಿನ ಮೇಲೆ ಅಕ್ಷರಗಳನ್ನು ಹಿಗ್ಗಿಸಿದಳು, ಒಂದೊಂದನ್ನೇ ನೋಟುಬುಕ್ಕಿನಲ್ಲಿ ಬರೆದು ಬರೆದು ತಿದ್ದಿದಳು. ಎರಡು ವಾರದ ಮೇಲೆ ನಾಲ್ಕು ಸಾಲು ಓದಿ ತೋರಿಸಿದಳು: ರಾಗಿಯ ಲೆಕ್ಕ, ಇಬ್ಬರ ಹೆಸರು, ಕೆಳಗೆ ಇನ್ನೂ ತೀರದಿದ್ದ ಮೂರು ಕೊಳಗದ ಬಾಕಿ.