ಸಣ್ಣ ಪ್ರಕಾಶಕರ ಮನೆಗಳು

ಪರದೇಶ ಪ್ರವಾಸ ಮಾಡುವ ವಾಚನಪ್ರಿಯರು ಈಗ ಸಣ್ಣ ಪ್ರಕಾಶಕರ ನೆಲೆಗಳನ್ನು ಅರಸಿಕೊಂಡು ಹೋಗುವದುಂಟು. ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಗ್ರಂಥಾಲಯವು, ಬರೆದವರೇ ಅಚ್ಚುಮಾಡಿ ಹಂಚಿದ ಕಿರುಪತ್ರಿಕೆಗಳನ್ನು 2003ರಿಂದ ಕೂಡಿಸುತ್ತ ಬಂದಿದೆ. ಲಂಡನ್ನಿನ ಬಳಿಯ ರಿಚ್ಮಂಡಿನಲ್ಲಿ ವುಲ್ಫ್ ದಂಪತಿಗಳು 1917ರಲ್ಲಿ ಮನೆಯಲ್ಲಿಯೇ ಕೈಯಚ್ಚಿನ ಯಂತ್ರವನ್ನಿಟ್ಟು ಹೊಗಾರ್ಥ್ ಮುದ್ರಣಾಲಯವನ್ನು ಆರಂಭಿಸಿದರು. ಶ್ಲಾಘ್ಯವಾದ ಸಾಹಸವೇ ಸರಿ. ಆದರೆ ಅದಕ್ಕೂ ಹತ್ತು ವರ್ಷ ಮೊದಲೇ, 1907ರಲ್ಲಿ, ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ಯು ಹೊರಟಿತ್ತು. ಅದರ ಸಂಪಾದಕರಾಗಿದ್ದ ಗಳಗನಾಥರು ತಮ್ಮ ಗ್ರಂಥಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದರು. ಅಲ್ಲಿ ಓದುಗನು ಪ್ರಕಾಶಕನಲ್ಲಿಗೆ ಹೋಗುವನು. ಇಲ್ಲಿ ಪ್ರಕಾಶಕನೇ ಓದುಗನ ಬಾಗಿಲಿಗೆ ಬಂದನು.

1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯ ಅಟ್ಟವನ್ನೇರಿದವರಿಗೆ ರಿಚ್ಮಂಡು ಅಷ್ಟೇನೂ ದೂರವೆನಿಸಲಾರದು.

ಗೋಕಾಕ ಸೀಮೆಯ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿ ‘ಆನಂದಕಂದ’ರೆಂದು ಹೆಸರಾದ ಕೃಷ್ಣಶರ್ಮರೂ ಇದೇ ಪರಂಪರೆಯವರು. ಅವರು 1938ರಲ್ಲಿ ‘ಜಯಂತಿ’ ಮಾಸಪತ್ರಿಕೆಯನ್ನು ಆರಂಭಿಸಿ ಬಹುವರ್ಷ ನಡೆಸಿದರು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಅದರ ಸಂಚಿಕೆಗಳಿದ್ದರೆ, ರದ್ದಿಯವನ ತಕ್ಕಡಿಗೇರುವ ಮುನ್ನ ಅವು ವಾಚನಾಲಯಕ್ಕೆ ಸೇರುವದು ಯುಕ್ತ. ಬಾರ್ನಾರ್ಡಿನವರು ಸಾಧ್ಯವಿದ್ದಲ್ಲಿ ಎರಡು ಪ್ರತಿಗಳನ್ನು ಪಡೆದು, ಒಂದನ್ನು ಕಾಯ್ದಿರಿಸಿ, ಇನ್ನೊಂದನ್ನು ಓದುಗರ ಕೈಗೆ ಕೊಡುತ್ತಾರೆ. ನಮ್ಮಲ್ಲಿ ಒಂದಾದರೂ ದೊರೆಯಲಿ.